ಮಿದುಳಿನ ಪಾರ್ಶ್ವವಾಯುವಿರುವ ಮಕ್ಕಳಿಗೆ ಮನೆಯಲ್ಲಿ ಬಲವರ್ಧನ ವ್ಯಾಯಾಮ

ನಮ್ಮ ಶಾಲೆಯ ಪಡುಜಗಲಿಯಲ್ಲಿ ಒಂದು ಗಿಡ್ಡ ಬೆಂಚು ಇದೆ. ಕವಾಯತಿನ ಗಂಟೆಯಾದೊಡನೆ ಉಳಿದ ಮಕ್ಕಳೆಲ್ಲರೂ ಅಂಗಳಕ್ಕಿಳಿಯುವಾಗ ನಾಲ್ಕನೆಯ ತರಗತಿಯ ಹುಡುಗನೊಬ್ಬನು ಆ ಬೆಂಚಿನಲ್ಲಿ ಕುಳಿತು ಅವರ ಚೀಲಗಳನ್ನು ಕಾಯುತ್ತಿದ್ದನು. ಹುಟ್ಟಿದಂದಿನಿಂದ ಅವನ ಎರಡೂ ಕಾಲುಗಳಲ್ಲಿ ಸೆಡೆತವಿದೆ. ಮೊಣಕಾಲನ್ನು ಬಾಗಿಸಿಕೊಂಡು, ಗೋಡೆಯನ್ನು ಹಿಡಿದು ನಡೆಯುತ್ತಾನೆ. ಅವನನ್ನು ಅಲ್ಲಿ ಕುಳ್ಳಿರಿಸಿದವರು ನಾವೇ. ಎರಡು ವರ್ಷಗಳ ಕಾಲ ಅದನ್ನು ದಯೆಯೆಂದೇ ಎಣಿಸಿದ್ದೆವು. ಆ ದಯೆಯಿಂದ ಅವನ ಕಾಲುಗಳಿಗೆ ಆದ ನಷ್ಟವೆಷ್ಟೆಂಬುದು ತಿಳಿದ ಬಳಿಕವೇ ಈ ಲೇಖನವನ್ನು ಬರೆಯುವ ಬುದ್ಧಿ ನಮಗೆ ಬಂದುದು. ಇಂತಹ ಮಗುವೊಂದು ಇರುವ ಮನೆಗಳು ನಮ್ಮ ವಾಚಕರಲ್ಲಿಯೂ ಇರಬಹುದು. ಭಾರತದಲ್ಲಿ ಸಾವಿರ ಮಕ್ಕಳಿಗೆ ಸುಮಾರು 3 ಮಕ್ಕಳಲ್ಲಿ ಈ ತೊಂದರೆಯು ಕಂಡುಬರುತ್ತದೆಂದು ಅಂದಾಜು.

ಡಾಕ್ಟರರು ಸೆರೆಬ್ರಲ್ ಪಾಲ್ಸಿ ಎಂದು ಕರೆಯುವ ಇದರ ಮೂಲವು ಕಾಲಿನಲ್ಲಿಲ್ಲ, ಮಿದುಳಿನಲ್ಲಿದೆ. ಗರ್ಭದಲ್ಲಾಗಲಿ, ಹೆರಿಗೆಯ ಸಮಯದಲ್ಲಾಗಲಿ, ಹುಟ್ಟಿದ ಅನಂತರದ ಎಳೆತನದಲ್ಲಾಗಲಿ, ಬೆಳೆಯುತ್ತಿರುವ ಮಿದುಳಿಗೆ ಆದ ಹಾನಿಯಿಂದ ಅಂಗಗಳ ಚಲನೆ ಕೆಡುತ್ತದೆ. ಇದು ಅಂಟುರೋಗವಲ್ಲ; ಬಸುರಿಯು ಗ್ರಹಣವನ್ನು ನೋಡಿದುದರ ಫಲವೂ ಅಲ್ಲ. ಮಿದುಳಿಗೆ ಒಮ್ಮೆ ಆದ ಹಾನಿಯು ತಾನಾಗಿ ಹೆಚ್ಚುತ್ತ ಹೋಗುವುದಿಲ್ಲ. ಅನೇಕ ಮಕ್ಕಳ ಬುದ್ಧಿಶಕ್ತಿಯು ಉಳಿದ ಮಕ್ಕಳದರಂತೆಯೇ ಇರುತ್ತದೆ. ನಮ್ಮ ಹುಡುಗನು ಗುಣಾಕಾರದಲ್ಲಿ ತರಗತಿಗೇ ಮುಂದು. ಈ ಸ್ಥಿತಿಯನ್ನು ವಿಸ್ತಾರವಾಗಿ ವರ್ಣಿಸಿ 1861ರಲ್ಲಿ ಲಂಡನ್ನಿನ ವೈದ್ಯಸಭೆಯೊಂದರ ಮುಂದೆ ಓದಿದವರು ವಿಲಿಯಂ ಜಾನ್ ಲಿಟ್ಲ್ ಎಂಬ ವೈದ್ಯರು. ಬಾಲ್ಯದ ಪೋಲಿಯೋದಿಂದ ಅವರದೇ ಒಂದು ಪಾದವು ತಿರುಚಿಕೊಂಡಿತ್ತು. ಜರ್ಮನಿಗೆ ಹೋಗಿ 1836ರಲ್ಲಿ ಸ್ಟ್ರೋಮೈಯರ್ ಎಂಬ ಶಸ್ತ್ರವೈದ್ಯರಿಂದ ಅದನ್ನು ಸರಿಪಡಿಸಿಕೊಂಡು ಬಂದವರು ಅವರು. ಬಹುಕಾಲ ಈ ವ್ಯಾಧಿಗೆ ಲಿಟ್ಲ್‌ರ ಹೆಸರೇ ರೂಢಿಯಲ್ಲಿತ್ತು.

ಇನ್ನು ಪ್ರಕೃತ ವಿಷಯಕ್ಕೆ ಬರೋಣ. ಇಂತಹ ಮಗುವನ್ನು ನೋಡಿದವರ ಕಣ್ಣಿಗೆ ಮೊದಲು ಬೀಳುವುದು ಬಿಗಿತ. ಕಾಲು ಕತ್ತರಿಯಂತೆ ಒಂದರ ಮೇಲೊಂದು ಬೀಳುತ್ತದೆ, ಹಿಮ್ಮಡಿ ಮೇಲೇಳುತ್ತದೆ. ಇಷ್ಟು ಬಿಗಿಯಾದ ಮಾಂಸಖಂಡವು ಬಲವಾಗಿಯೇ ಇರಬೇಕೆಂದು ನಾವು ಭಾವಿಸುವುದು ಸಹಜ. ವಸ್ತುಸ್ಥಿತಿ ಇದಕ್ಕೆ ವಿರುದ್ಧ. ಮಾಂಸಖಂಡಕ್ಕೆ ಮಿದುಳಿನಿಂದ ಬರಬೇಕಾದ ಅಪ್ಪಣೆಯು ಸಾಕಷ್ಟು ಬರುವುದಿಲ್ಲ. ಬಂದುದೂ ಕ್ರಮ ತಪ್ಪಿ ಬರುತ್ತದೆ. ಉಪಯೋಗವಿಲ್ಲದ ಮಾಂಸಖಂಡವು ಸಣ್ಣದಾಗಿಯೂ ಗಿಡ್ಡವಾಗಿಯೂ ಉಳಿಯುತ್ತದೆ. ಬಿಗಿತವೂ ದೌರ್ಬಲ್ಯವೂ ಒಂದೇ ಕಾಲಿನಲ್ಲಿ ಒಟ್ಟಿಗೆ ವಾಸಿಸುತ್ತವೆ.

ಇದರ ಮೇಲೆ ಬೆಳವಣಿಗೆಯ ಲೆಕ್ಕವೊಂದಿದೆ. ಗಣಿತದ ಉಪಾಧ್ಯಾಯರಾಗಿದ್ದ ನಮಗೆ ಇದನ್ನು ಹೇಳದೆ ಮುಂದುವರಿಯಲು ಮನಸ್ಸು ಬಾರದು. ಮಗುವು ಎತ್ತರ, ಅಗಲ, ದಪ್ಪ ಮೂರರಲ್ಲಿಯೂ ಬೆಳೆಯುವುದರಿಂದ ಅದರ ತೂಕವು ಸ್ಥೂಲವಾಗಿ ಘನದ ಪ್ರಮಾಣದಲ್ಲಿ ಏರುತ್ತದೆ. ಮಾಂಸಖಂಡದ ಬಲವಾದರೋ ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು, ಎಂದರೆ ವರ್ಗವನ್ನು, ಅವಲಂಬಿಸಿದೆ. ಓಡಿ ಕುಣಿಯುವ ಮಕ್ಕಳಲ್ಲಿ ಈ ಅಂತರವು ಆಟದಿಂದಲೇ ತುಂಬಿಹೋಗುತ್ತದೆ. ಬೆಂಚಿನ ಮೇಲೆ ಕುಳಿತ ಮಗುವಿನಲ್ಲಿ ತುಂಬುವವರು ಯಾರು? ಏಳೆಂಟು ವರ್ಷಕ್ಕೆ ಗೋಡೆ ಹಿಡಿದು ನಡೆಯುತ್ತಿದ್ದ ಹುಡುಗನು ಹರೆಯಕ್ಕೆ ಬರುವಷ್ಟರಲ್ಲಿ ಕುಳಿತಲ್ಲಿಯೇ ಉಳಿಯುವುದಕ್ಕೆ ಇದೂ ಒಂದು ಕಾರಣ. ಜನರು ರೋಗವು ಏರಿತೆನ್ನುತ್ತಾರೆ. ಏರಿದುದು ಮೈಯ ತೂಕ.

ಹಾಗಾದರೆ ಬಲವನ್ನು ಬೆಳೆಸುವ ವ್ಯಾಯಾಮವನ್ನು ಹಿಂದಿನವರು ಏಕೆ ಹೇಳಲಿಲ್ಲವೆಂದು ಕೇಳಬಹುದು. 1940ರ ದಶಕದಲ್ಲಿ ಲಂಡನ್ನಿನಲ್ಲಿ ಬೆರ್ಟಾ ಮತ್ತು ಕಾರೆಲ್ ಬೊಬಾತ್ ದಂಪತಿಗಳು ರೂಪಿಸಿದ ಚಿಕಿತ್ಸಾಕ್ರಮವು ಲೋಕದಲ್ಲೆಲ್ಲ ಹಬ್ಬಿತು. ಭಾರ ಎತ್ತಿಸಿ ಶ್ರಮಪಡಿಸಿದರೆ ಸೆಡೆತವು ಹೆಚ್ಚುವುದೆಂಬ ಭಯವು ಆ ಪರಂಪರೆಯಲ್ಲಿ ಬೇರೂರಿತ್ತು. ಸುಮಾರು 1990ರ ಬಳಿಕ ಅಮೆರಿಕದ ಡಯಾನ್ ಡಾಮಿಯಾನೊ ಮೊದಲಾದವರು ಈ ಭಯವನ್ನು ಪರೀಕ್ಷೆಗೆ ಒಡ್ಡಿದರು. ಬಾಗಿದ ಮೊಣಕಾಲಿನಲ್ಲಿ ನಡೆಯುವ ಮಕ್ಕಳ ತೊಡೆಯ ಮುಂಭಾಗಕ್ಕೆ 6 ವಾರ ಭಾರದ ವ್ಯಾಯಾಮ ಮಾಡಿಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಲವು ಸ್ಪಷ್ಟವಾಗಿ ಹೆಚ್ಚಿತು. ಸೆಡೆತವು ಹೆಚ್ಚುವುದೆಂಬ ಹೆದರಿಕೆಗೆ ಅನಂತರದ ಅಧ್ಯಯನಗಳಲ್ಲಿಯೂ ಆಧಾರ ದೊರೆಯಲಿಲ್ಲ.

ನಮಗೆ ಹೆಚ್ಚು ಉಪಯುಕ್ತವಾದುದು ಆಸ್ಟ್ರೇಲಿಯದ ಡಾಡ್, ಟೇಲರ್, ಗ್ರಹಾಂ ಎಂಬವರು 2003ರಲ್ಲಿ ಪ್ರಕಟಿಸಿದ ಅಧ್ಯಯನ. 8ರಿಂದ 18 ವರ್ಷದ 21 ಮಂದಿಯಲ್ಲಿ ಒಂದು ಗುಂಪಿನವರು ತಮ್ಮ ಮನೆಯಲ್ಲಿಯೇ ವಾರಕ್ಕೆ 3 ಸಲದಂತೆ 6 ವಾರ ಮೂರು ವ್ಯಾಯಾಮಗಳನ್ನು ಮಾಡಿದರು: ಹಿಮ್ಮಡಿ ಎತ್ತುವುದು, ಅರ್ಧ ಬಸ್ಕಿ, ಮೆಟ್ಟಿಲೇರುವುದು. ಭಾರಕ್ಕೆ ಬೆನ್ನಿನ ಚೀಲವೇ ಸಾಕಾಯಿತು. ಕಾಲಿನ ಬಲವು ಹೆಚ್ಚಿತು. ತೈವಾನಿನಲ್ಲಿ 2007ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಮಕ್ಕಳು ಭಾರ ಹೊತ್ತು ಪೀಠದಿಂದ ಕುಳಿತು ಏಳುವುದನ್ನೇ ಮನೆಯಲ್ಲಿ ಅಭ್ಯಾಸ ಮಾಡಿ ಲಾಭ ಹೊಂದಿದರು. ಯಂತ್ರವಿಲ್ಲ, ವ್ಯಾಯಾಮಶಾಲೆಯಿಲ್ಲ, ಮಣೆ, ಮೆಟ್ಟಿಲು, ಚೀಲ. ಇವು ಇಲ್ಲದ ಮನೆ ನಮ್ಮ ಕಾಸರಗೋಡು ಸೀಮೆಯಲ್ಲಿ ಯಾವುದಿದೆ?

ಆದರೆ ನಮ್ಮ ಸೀಮೆಯಲ್ಲಿ ಬೇರೊಂದು ತೊಡಕಿದೆ. ಆ ಹುಡುಗನ ಮನೆಗೆ ನಾವು ಹೋದಾಗ ಗೋಡೆಯ ಕ್ಯಾಲೆಂಡರಿನ ಹಿಂದಿನಿಂದ ಅವನ ತಾಯಿ ಒಂದು ಚೀಟಿಯನ್ನು ತೆಗೆದು ತೋರಿಸಿದರು. ವರ್ಷದ ಹಿಂದೆ ಫಿಸಿಯೋಥೆರಪಿಯವರು ಬರೆದುಕೊಟ್ಟ ವ್ಯಾಯಾಮದ ವಿವರ, ಬರೆದುದು ಮಲಯಾಳದಲ್ಲಿ. ಆ ತಾಯಿ ಮಲಯಾಳವನ್ನು ಚೆನ್ನಾಗಿಯೇ ಮಾತನಾಡುತ್ತಾರೆ, ಲಿಪಿಯನ್ನು ಓದಲರಿಯರು. ನೆರೆಯವರೊಬ್ಬರು ಒಮ್ಮೆ ಓದಿ ಹೇಳಿದ್ದರಂತೆ. ಹತ್ತು ಹತ್ತರಂತೆ ಮೂರು ಸರದಿ, ನಡುವೆ ವಿಶ್ರಾಂತಿ, ದಿನ ಬಿಟ್ಟು ದಿನ ಎಂದು ಬರೆದುದು ಅವರ ನೆನಪಿನಲ್ಲಿ ದಿನವೂ ಮೂವತ್ತು ಎಂದು ಉಳಿಯಿತು. ಒಂದೇ ಬೀಸಿಗೆ ಮೂವತ್ತು ಸಲ ಏಳಿಸಿ ಕುಳ್ಳಿರಿಸಿದರು. ಮಗು ಅತ್ತು ಕುಸಿಯಿತು. ನಾಲ್ಕನೆಯ ದಿನ ಚೀಟಿಯು ಕ್ಯಾಲೆಂಡರಿನ ಹಿಂದೆ ಸೇರಿತು. ಬರೆದವರದು ತಪ್ಪಲ್ಲ, ತಾಯಿಯದೂ ಅಲ್ಲ. ನಮ್ಮ ಸಹೋದ್ಯೋಗಿಯೊಬ್ಬರು ಅದನ್ನು ದೊಡ್ಡ ಅಕ್ಷರದ ಕನ್ನಡದಲ್ಲಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಲು ತೆಗೆದುಕೊಂಡುದು ಅರ್ಧ ಗಂಟೆ. ಕನ್ನಡ ಶಾಲೆಯವರು ಒಂದು ವರ್ಷ ಮೊದಲೇ ಮಾಡಬಹುದಾಗಿದ್ದ ಕೆಲಸವದು.

ಆ ಬಾಗಿಲಿನ ಚೀಟಿಯ ಸಾರಾಂಶವನ್ನು ಇಲ್ಲಿ ಹೇಳುತ್ತೇವೆ. ಮೊಣಕಾಲು ಲಂಬಕೋನವಾಗುವಷ್ಟು ಎತ್ತರದ ಬೆಂಚಿನ ಮೇಲೆ ಮಗುವನ್ನು ಕುಳ್ಳಿರಿಸಿ, ಎರಡೂ ಪಾದಗಳು ನೆಲಕ್ಕೆ ಪೂರ್ತಿಯಾಗಿ ತಾಗಿರುವಂತೆ ನೋಡಿ, ಕೈಯೂರದೆ ಮುಂದಕ್ಕೆ ಬಾಗಿ ಎದ್ದು ನಿಲ್ಲಲು ಹೇಳಬೇಕು. ಕುಳಿತುಕೊಳ್ಳುವಾಗ ಮೂರು ಎಣಿಸುವಷ್ಟು ಸಾವಕಾಶವಾಗಿ ಇಳಿಯಬೇಕು. ಧೊಪ್ಪನೆ ಬಿದ್ದರೆ ಅರ್ಧ ಫಲ ಹೋಯಿತು. ಎರಡನೆಯದು ಗಿಡ್ಡ ಮಣೆಯ ಮೇಲೆ ಒಂದೊಂದೇ ಕಾಲಿನಿಂದ ಹತ್ತಿ ಇಳಿಯುವುದು. ಹಿರಿಯರೊಬ್ಬರು ಕೈಗೆಟಕುವಷ್ಟು ಸಮೀಪದಲ್ಲಿರಬೇಕು. ಮೂರನೆಯದು ಕಿಟಕಿಯ ಸರಳು ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ಸದಾ ತುದಿಗಾಲಿನಲ್ಲಿಯೇ ನಡೆಯುವ ಮಗುವಿಗೆ ಈ ಮೂರನೆಯದು ಹೊಂದುವುದೇ ಎಂದು ಮೊದಲು ಕೇಳಿ ತಿಳಿಯತಕ್ಕದ್ದು.

ಮೊದಲ ಎರಡು ವಾರ ಭಾರ ಬೇಡ. ಕ್ರಮವನ್ನು ಕಲಿತರೆ ಸಾಕು. ಅನಂತರ ಶಾಲೆಯ ಚೀಲದಲ್ಲಿ ಅರ್ಧ ಕಿಲೋ ಅಕ್ಕಿಯನ್ನೋ ಮರಳನ್ನೋ ಕಟ್ಟಿಟ್ಟು, ಅದು ಬೆನ್ನಿಗೆ ಅಂಟಿಕೊಂಡಿರುವಂತೆ ಪಟ್ಟಿಯನ್ನು ಬಿಗಿಯಬೇಕು. 8ರಿಂದ 10 ಸಲ ಮಾಡುವಷ್ಟರಲ್ಲಿ ಮಗುವಿಗೆ ಕಷ್ಟವೆನಿಸಬೇಕು, ಆದರೆ ಕ್ರಮ ಕೆಡಬಾರದು. ಮೂರು ಸರದಿಗಳನ್ನೂ ಲೀಲಾಜಾಲವಾಗಿ ಮುಗಿಸಿದ ದಿನ ಕಾಲು ಕಿಲೋ ಏರಿಸಬೇಕು. ಈ ಏರಿಸುವಿಕೆಯೇ ವಿಷಯದ ಜೀವಾಳ. ವರ್ಷವಿಡೀ ಅದೇ ಹತ್ತು ಸಲ, ಅದೇ ಬರಿಮೈ ಎಂದಾದರೆ ಮಾಂಸಖಂಡಕ್ಕೆ ಬೆಳೆಯುವ ಕಾರಣವೇ ಇಲ್ಲ. ವಾರಕ್ಕೆ ಮೂರು ದಿನ ಸಾಕು. ನಡುವಿನ ದಿನದ ವಿಶ್ರಾಂತಿಯಲ್ಲಿಯೇ ಮಾಂಸಖಂಡವು ಚೇತರಿಸಿ ಬೆಳೆಯುವುದು. ಎಣ್ಣೆ ತಿಕ್ಕುವುದರಿಂದ ಮಗುವಿಗೆ ಹಿತವಾಗುತ್ತದೆ, ಬಲ ಬರುವುದಿಲ್ಲ. ಈ ಮಾತಿಗೆ ಆ ಮನೆಯ ಅಜ್ಜಿಗೆ ನಮ್ಮ ಮೇಲೆ ಸಿಟ್ಟೇ ಬಂದಿತು. “ನಡೆಯಲಿಕ್ಕೇ ಆಗದ ಮಗುವಿನ ಬೆನ್ನಿಗೆ ಅಕ್ಕಿ ಹೊರಿಸುವುದಾ ಮಾಷ್ಟ್ರೇ?” ಎಂದು ಅವರು ಕೇಳಿದ ಪ್ರಶ್ನೆಯು ನ್ಯಾಯವಾದುದೇ. ಬೊಬಾತ್ ದಂಪತಿಗಳೂ ಬಹುಶಃ ಅದನ್ನೇ ಕೇಳುತ್ತಿದ್ದರು.

ಇದನ್ನು ಓದಿದೊಡನೆ ಯಾರೂ ತಾವೇ ಪ್ರಾರಂಭಿಸಬಾರದು. ಈ ಮಕ್ಕಳಲ್ಲಿ ಸೊಂಟದ ಕೀಲು ಸದ್ದಿಲ್ಲದೆ ಜಾರುವುದುಂಟು. ಅದನ್ನು ಎಕ್ಸ್‌ರೇ ತೆಗೆದೇ ತಿಳಿಯಬೇಕು. ಅಪಸ್ಮಾರವಿರುವ ಮಗು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದ ಮಗು, ಕೀಲಿನಲ್ಲಿ ನೋವಿರುವ ಮಗು ಇವರಿಗೆ ಡಾಕ್ಟರರ ಅಪ್ಪಣೆ ಬೇಕೇ ಬೇಕು. ಮಾರನೆಯ ದಿನ ತೊಡೆಯಲ್ಲಿ ಸ್ವಲ್ಪ ನೋವು ಕಂಡರೆ ಹೆದರಬೇಕಾಗಿಲ್ಲ. ಕೀಲಿನಲ್ಲಿ ನೋವು ಬಂದರೆ ನಿಲ್ಲಿಸಬೇಕು. 1997ರಲ್ಲಿ ಕೆನಡದವರು ಪ್ರಕಟಿಸಿದ ವಿಂಗಡಣೆಯಂತೆ ಚಲನಶಕ್ತಿಯಲ್ಲಿ ಐದು ಮಟ್ಟಗಳಿವೆ. ನಾವು ಇಲ್ಲಿ ಹೇಳಿದುದೆಲ್ಲ ತಾನಾಗಿಯಾಗಲಿ ಆಸರೆಯಿಂದಾಗಲಿ ನಡೆಯಬಲ್ಲ ಮೊದಲ ಮೂರು ಮಟ್ಟಗಳ ಮಕ್ಕಳಿಗೆ. ಉಳಿದವರಿಗೆ ಕುಳಿತುಕೊಳ್ಳುವ ರೀತಿ, ಸೊಂಟದ ರಕ್ಷಣೆ, ಗಾಲಿಕುರ್ಚಿ ಇವೇ ಮುಖ್ಯವಾಗುತ್ತವೆ. ಸಮಗ್ರ ಶಿಕ್ಷಾ ಯೋಜನೆಯ ಬಿ.ಆರ್.ಸಿ.ಯಲ್ಲಿ ವಿಚಾರಿಸಿದರೆ ಶಾಲಾಮಕ್ಕಳ ಪರೀಕ್ಷೆ, ಚಿಕಿತ್ಸೆಗಳ ದಾರಿ ತಿಳಿಯುತ್ತದೆ. 2016ರ ವಿಕಲಾಂಗರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿ ಈ ವ್ಯಾಧಿಯೂ ಸೇರಿರುವುದರಿಂದ ಇದು ಕೇಳಿ ಪಡೆಯತಕ್ಕ ಹಕ್ಕು.

ಫಲದ ವಿಷಯದಲ್ಲಿ ಅತಿಶಯೋಕ್ತಿ ಮಾಡಲಾರೆವು. ನೆದರ್ಲೆಂಡಿನಲ್ಲಿ 12 ವಾರ ನಡೆಸಿ 2010ರ ಬಳಿಕ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳ ಬಲವು ಹೆಚ್ಚಿತು, ನಡಿಗೆಯು ಉತ್ತಮಗೊಳ್ಳಲಿಲ್ಲ. ಬಲವೊಂದೇ ನಡಿಗೆಯಾಗದು, ಯಾವ ಕೆಲಸ ಬೇಕೋ ಆ ಕೆಲಸವನ್ನೇ ಅಭ್ಯಾಸ ಮಾಡಿಸಬೇಕು. ಬಿಟ್ಟರೆ ಬಂದ ಬಲವೂ ಇಳಿಯುತ್ತದೆ. ಆಸ್ಟ್ರೇಲಿಯದ ಅದೇ ತಂಡವು 2004ರಲ್ಲಿ ಪ್ರಕಟಿಸಿದ ಇನ್ನೊಂದು ಸಂಗತಿಯು ನಮ್ಮನ್ನು ಬಹಳ ಯೋಚನೆಗೆ ಹಚ್ಚಿತು. ವ್ಯಾಯಾಮ ಮಾಡಿದ ಮಕ್ಕಳು ತಮ್ಮ ಓದಿನ ಸಾಮರ್ಥ್ಯದ ಬಗ್ಗೆ ತಮಗೇ ಇರುವ ಅಭಿಪ್ರಾಯದಲ್ಲಿ, ವ್ಯಾಯಾಮ ಮಾಡದವರಿಗಿಂತ ಹಿಂದೆ ಬಿದ್ದರಂತೆ. ಕಾಲನ್ನು ಸದಾ ಅಳೆಯಿಸಿಕೊಳ್ಳುವ ಮಗುವು ತನ್ನಲ್ಲಿರುವ ಕೊರತೆಗಳನ್ನೇ ಎಣಿಸತೊಡಗುವುದೋ ಏನೋ. ಆದುದರಿಂದ ವ್ಯಾಯಾಮವು ಮನೆಯ ದಿನವನ್ನೆಲ್ಲ ನುಂಗಬಾರದು. ದಿನಬಳಕೆಯ ಕೆಲಸಗಳನ್ನು ಮನೆಯಲ್ಲಿ ಅಭ್ಯಾಸ ಮಾಡಿಸಿದ ಬೇರೊಂದು ಅಧ್ಯಯನದಲ್ಲಿ (ಅದೂ ಆಸ್ಟ್ರೇಲಿಯದ್ದೇ, 2009) ತಾಯ್ತಂದೆಗಳು ಸರಾಸರಿ ತಿಂಗಳಿಗೆ 17–18 ಸಲ, ಪ್ರತಿಸಲ 16–17 ನಿಮಿಷ ಮಾತ್ರ ಮಾಡಿಸಿ ಫಲ ಕಂಡರು.

ಪಡುಜಗಲಿಯ ಬೆಂಚು ಈಗಲೂ ಅಲ್ಲಿಯೇ ಇದೆ. ಸೋಮವಾರ, ಬುಧವಾರ, ಶುಕ್ರವಾರ ಕವಾಯತಿನ ಹೊತ್ತಿಗೆ ಹುಡುಗನು ಅದರ ಮೇಲಿನಿಂದ ಎದ್ದು ಕುಳಿತು ಮಾಡುತ್ತಾನೆ. ಎಣಿಸುವ ಕೆಲಸಕ್ಕೆ ಅವನ ಜತೆಯವರಲ್ಲಿ ಪೈಪೋಟಿ. ಚೀಲದಲ್ಲಿ ಈಗ ಎರಡೂವರೆ ಕಿಲೋ ಅಕ್ಕಿ. ಆ ಅಕ್ಕಿಯನ್ನು ಅಳೆದು ಕಟ್ಟುವವರು ಅಜ್ಜಿಯೇ. ಅವನ ಮೊಣಕಾಲು ಮೊದಲಿನಂತೆಯೇ ಬಾಗಿದೆ, ನಡಿಗೆ ಮೊದಲಿನಂತೆಯೇ ನಿಧಾನ. ಮಳೆಗಾಲ ಮುಗಿದಂದಿನಿಂದ ಬಸ್ಸಿನ ಮೆಟ್ಟಿಲನ್ನು ಕಂಬಿ ಹಿಡಿದು ತಾನೇ ಹತ್ತುತ್ತಾನೆ. ಇಳಿಯುವಾಗ ಇನ್ನೂ ಕಂಡಕ್ಟರರ ಕೈ ಬೇಕು.