ಬಾಳೆಕಾಯಿ ಹಿಟ್ಟು: ಕೈಯಿಂದ ಕೈಗೆ ಬಂದ ವಿದ್ಯೆ

ಘಟಪ್ರಭಾ ನದಿಯ ದಂಡೆಯಲ್ಲಿರುವ ಬೀಳಗಿ ತಾಲ್ಲೂಕಿನ ಅನಗವಾಡಿಯಲ್ಲಿ ಮತ್ತು ಸುತ್ತಲಿನ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ನೀರಾವರಿ ಜಮೀನಿಗೆ ಕಬ್ಬೇ ಒಡೆಯ. ಕಬ್ಬಿನ ಒಂದು ಅನುಕೂಲವೆಂದರೆ ಅದಕ್ಕೆ ಎರಡು ದಾರಿಗಳಿವೆ. ಕಾರ್ಖಾನೆಗೆ ಕಳುಹಿಸಲು ಮನಸ್ಸಾಗದಿದ್ದರೆ ಗಾಣಕ್ಕೆ ಹಾಕಿ ಬೆಲ್ಲ ಮಾಡಬಹುದು. ಬೆಲ್ಲಕ್ಕೆ ಮಹಾಲಿಂಗಪುರದ ಪೇಟೆ ಇದ್ದೇ ಇದೆ. ಕಬ್ಬಿನ ನಡುವೆ ಅಲ್ಲೊಂದು ಇಲ್ಲೊಂದು ಎಕರೆ ಬಾಳೆ ಹಾಕುವ ರೈತನಿಗೆ ಈ ಎರಡನೆಯ ದಾರಿ ಇಲ್ಲ. ಗೊನೆ ಬಲಿತ ಮೇಲೆ ಕಡಿಯಲೇಬೇಕು, ಕಡಿದ ಮೇಲೆ ಮಾರಲೇಬೇಕು. ವ್ಯಾಪಾರಿ ಹೇಳಿದ್ದೇ ಬೆಲೆ. ಸಾಲದ್ದಕ್ಕೆ ಏಪ್ರಿಲ್-ಮೇ ತಿಂಗಳಲ್ಲಿ ಬೀಸುವ ಬಿರುಗಾಳಿಗೆ ಗೊನೆ ಹೊತ್ತ ಗಿಡಗಳು ಸಾಲುಸಾಲಾಗಿ ಮಲಗಿದರೆ ಆ ಕಾಯಿಯನ್ನು ಕೇಳುವವರೇ ಇರುವುದಿಲ್ಲ. ವರ್ಷದ ದುಡಿತ ತೋಟದಲ್ಲೇ ಕೊಳೆಯುತ್ತದೆ.

ಇಂಥ ಕಾಯಿಯನ್ನು ಹಿಟ್ಟು ಮಾಡಿ ಆರು ತಿಂಗಳಾದರೂ ಇಟ್ಟುಕೊಳ್ಳಬಹುದೆಂಬ ವಿಷಯ 2021ರಲ್ಲಿ ಕರ್ನಾಟಕದಲ್ಲಿ ಬಹು ಬೇಗ ಹರಡಿತು. ಅದು ಹರಡಿದ ರೀತಿಯನ್ನು ಹಿಟ್ಟಿನಷ್ಟೇ ಲಕ್ಷ್ಯಗೊಟ್ಟು ನೋಡಬೇಕು.

ವಿಷಯ ಬಂದ ದಾರಿ

ಕೇರಳದಲ್ಲಿ ಎಳೆಯ ಮಕ್ಕಳಿಗೆ ಬಾಳೆಕಾಯಿಯನ್ನು ಒಣಗಿಸಿ ಪುಡಿ ಮಾಡಿ ಗಂಜಿ ಕಾಯಿಸಿ ಕುಡಿಸುವುದು ಹಳೆಯ ರೂಢಿ. ಆದ್ದರಿಂದ ಇದು ಯಾರೋ ಒಬ್ಬರು ಹೊಸದಾಗಿ ಕಂಡುಹಿಡಿದದ್ದಲ್ಲ. ಆಲಪ್ಪುಳ ಜಿಲ್ಲೆಯ ಮಹಿಳೆಯೊಬ್ಬರು ಅಲ್ಲಿಯ ಕೃಷಿ ವಿಜ್ಞಾನ ಕೇಂದ್ರದಿಂದ ಇದನ್ನು ಕಲಿತು ನೇಂದ್ರ ಬಾಳೆಯ ಹಿಟ್ಟನ್ನು ಮಾಡಿ ಮಾರತೊಡಗಿದ್ದರು. ದಕ್ಷಿಣ ಕನ್ನಡದ ಪುತ್ತೂರಿನಿಂದ 1988ರಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ ಎಂಬ ಕೃಷಿ ಮಾಸಪತ್ರಿಕೆ ಈ ಸಂಗತಿಯನ್ನು ಗಮನಿಸಿತು. ಶ್ರೀ ಪಡ್ರೆಯವರ ಸಂಪಾದಕತ್ವದ ಈ ಪತ್ರಿಕೆ ಮೊದಲಿನಿಂದಲೂ ರೈತರ ಕೈಗೆ ಲೇಖನಿ ಕೊಡಬೇಕೆಂಬ ಧೋರಣೆಯದು. ಒಬ್ಬ ರೈತ ಮಾಡಿ ನೋಡಿದ್ದನ್ನು ಇನ್ನೊಬ್ಬ ರೈತನಿಗೆ ಮುಟ್ಟಿಸುವುದೇ ಅದರ ಕಸುಬು.

2021ರ ಬೇಸಿಗೆಯಲ್ಲಿ ಕೊರೋನಾ ನಿರ್ಬಂಧದಿಂದ ಪೇಟೆಗಳು ಮುಚ್ಚಿ ಬಾಳೆಯ ಬೆಲೆ ತೀರ ಕುಸಿದಾಗ, ಆಲಪ್ಪುಳದ ಒಂದು ವಾಟ್ಸ್‌ಆಪ್ ಗುಂಪಿನ ನೆರವು ಪಡೆದು ಪತ್ರಿಕೆಯು ಈ ವಿದ್ಯೆಯನ್ನು ಮೊಬೈಲ್ ಮೂಲಕವೇ ಕನ್ನಡದ ರೈತರಿಗೂ ಗೃಹಿಣಿಯರಿಗೂ ಪರಿಚಯಿಸಿತು. ‘ಬಾಳೆಕಾಯಿ ಹುಡಿ’ ಎಂಬುದರ ಮೊದಲಕ್ಷರಗಳನ್ನು ಕೂಡಿಸಿ ‘ಬಾಕಾಹು’ ಎಂದು ಚಿಕ್ಕ ಹೆಸರೂ ಬಿತ್ತು. ತುಮಕೂರು ಜಿಲ್ಲೆಯ ಗೃಹಿಣಿಯೊಬ್ಬರು ಕೂಡಲೇ ಮನೆಯಲ್ಲಿ ಮಾಡಿ ನೋಡಿ ಫೋಟೋ ಕಳುಹಿಸಿದರು. ಉತ್ತರ ಕನ್ನಡ, ದಕ್ಷಿಣ ಕನ್ನಡ ಜಿಲ್ಲೆಗಳ ಹೆಣ್ಣುಮಕ್ಕಳು ಅದೇ ಹಿಟ್ಟಿನಿಂದ ದೋಸೆ, ಗುಲಾಬ್ ಜಾಮೂನು ಮಾಡಿ ತೋರಿಸಿದರು. ಅದೇ ವರ್ಷ ಜುಲೈ 25ರ ‘ಮನ್ ಕಿ ಬಾತ್’ ಬಾನುಲಿ ಭಾಷಣದಲ್ಲಿ ಪ್ರಧಾನ ಮಂತ್ರಿಗಳು ಈ ಮಹಿಳೆಯರ ಕೆಲಸವನ್ನು ಹೆಸರಿಸಿದರು. ಕೆಲವೇ ವಾರಗಳಲ್ಲಿ ಇಷ್ಟು ದೂರ ಹೋದ ಈ ವಿದ್ಯೆಗೆ ಬೇಕಾದ ಯಂತ್ರಗಳು ಮಾತ್ರ ಮನೆಯ ಚಾಕು, ಬಿಸಿಲು ಮತ್ತು ಗಿರಣಿ.

ಮಾಡುವ ಕ್ರಮ

ಕಾಯಿ ಪೂರ್ಣ ಬಲಿತಿರಬೇಕು, ಆದರೆ ಹಣ್ಣಾಗಲು ತೊಡಗಿರಬಾರದು. ಹಣ್ಣಾಗತೊಡಗಿದರೆ ಪಿಷ್ಟವು ಸಕ್ಕರೆಯಾಗಿ ಮಾರ್ಪಡುತ್ತದೆ. ಅಂಥ ಹೋಳು ಒಣಗದೆ ಅಂಟಾಗುತ್ತದೆ. ತೀರ ಎಳೆಯ ಕಾಯಿಯಲ್ಲಿ ಪಿಷ್ಟ ಕಡಿಮೆ, ಒಗರು ಹೆಚ್ಚು. ಗಾಳಿಗೆ ಬಿದ್ದ ಗಿಡದ ಗೊನೆಯಾದರೆ ಮುಕ್ಕಾಲು ಭಾಗವಾದರೂ ಕಾಯಿ ತುಂಬಿದ್ದರೆ ಮಾತ್ರ ಉಪಯೋಗಿಸಬೇಕು. ನೇಂದ್ರವೇ ಆಗಬೇಕೆಂಬ ನಿಯಮವಿಲ್ಲ. ಈ ಭಾಗದಲ್ಲಿ ಸಿಗುವ ಜಿ-9, ರಾಜಾಪುರಿ ತಳಿಗಳಿಂದಲೂ ಹಿಟ್ಟಾಗುತ್ತದೆ. ಬಣ್ಣ, ರುಚಿಗಳಲ್ಲಿ ಸ್ವಲ್ಪ ವ್ಯತ್ಯಾಸ ಕಾಣುತ್ತದೆ.

ಕೈಗೆ ಎಣ್ಣೆ ಸವರಿಕೊಂಡು ಸಿಪ್ಪೆ ಸುಲಿಯಬೇಕು, ಇಲ್ಲದಿದ್ದರೆ ಸೊನೆ ಅಂಟಿ ಎರಡು ದಿನ ಹೋಗುವುದಿಲ್ಲ. ಕಬ್ಬಿಣದ ಚಾಕು ಬೇಡ, ಸ್ಟೀಲಿನದಿರಲಿ. ಕಾಯಿಯೊಳಗಿನ ಒಗರಿನ ಅಂಶ ಕಬ್ಬಿಣದೊಡನೆ ಕೂಡಿ ಹೋಳು ಕಪ್ಪಾಗುತ್ತದೆ. ಹೋಳುಗಳು ನಾಣ್ಯದಷ್ಟು ತೆಳುವಾಗಿ, ಒಂದೇ ಸಮನಾಗಿ ಇರಬೇಕು. ದಪ್ಪ ಹೋಳು ಹೊರಗೆ ಒಣಗಿದಂತೆ ತೋರಿ ಒಳಗೆ ಹಸಿಯಾಗಿ ಉಳಿಯುತ್ತದೆ, ಅದರಿಂದಲೇ ಮುಂದೆ ಬೂಸು ಹಿಡಿಯುವುದು.

ಕತ್ತರಿಸಿದ ಹೋಳು ಗಾಳಿಗೆ ಕಪ್ಪಾಗುವುದು ಕಾಯಿಯಲ್ಲಿರುವ ಒಂದು ಕಿಣ್ವದಿಂದ. ಇದನ್ನು ತಡೆಯಲು ಹೋಳನ್ನು ಕತ್ತರಿಸಿದ ಕೂಡಲೇ ಉಪ್ಪು ಹಾಕಿದ ನೀರಿಗೆ ಅಥವಾ ಅನ್ನದ ಗಂಜಿ ಬೆರೆಸಿದ ನೀರಿಗೆ ಹಾಕುತ್ತಾರೆ. ಹುಳಿ ಮಜ್ಜಿಗೆಯೂ ನಡೆಯುತ್ತದೆ. ಒಂದು ಲೀಟರ್ ನೀರಿಗೆ ಒಂದು ಚಮಚ ಉಪ್ಪು ಸಾಕು. ಹತ್ತು-ಹದಿನೈದು ನಿಮಿಷದ ನಂತರ ತೆಗೆದು ನೀರು ಬಸಿದು, ಒಂದರ ಮೇಲೊಂದು ಬೀಳದಂತೆ ಹರಡಬೇಕು.

ಒಣಗಿಸುವ ವಿಷಯದಲ್ಲಿ ಅನಗವಾಡಿಯ ರೈತ ಕರಾವಳಿಯವರಿಗಿಂತ ಭಾಗ್ಯವಂತ. ಅಲ್ಲಿ ಜೂನ್ ಬಂತೆಂದರೆ ಮಳೆ ಹಿಡಿದು ಬಿಸಿಲು ಮರೆಯಾಗುತ್ತದೆ. ಒಣಗಿಸುವ ಪೆಟ್ಟಿಗೆ ಇಲ್ಲದೆ ಕೆಲಸ ಸಾಗದು. ಬಾಗಲಕೋಟೆ ಜಿಲ್ಲೆಯಲ್ಲಿ ವರ್ಷದ ಸರಾಸರಿ ಮಳೆ 600 ಮಿ.ಮೀ.ಗಿಂತ ಕಡಿಮೆ. ಬೇಸಿಗೆಯಲ್ಲಿ ತೆಳುವಾದ ಹೋಳು ಎರಡೇ ದಿನಕ್ಕೆ ಮುರಿದರೆ ‘ಟಕ್’ ಎನ್ನುವಂತೆ ಒಣಗುತ್ತದೆ. ಬಗ್ಗಿದರೆ ಇನ್ನೂ ಒಣಗಿಲ್ಲವೆಂದೇ ತಿಳಿಯಬೇಕು. ಇಲ್ಲಿಯ ತೊಂದರೆ ಮಳೆಯದಲ್ಲ, ಧೂಳಿನದು. ರಸ್ತೆಯ ಬದಿಯಲ್ಲಿ, ಕಣದಲ್ಲಿ ಹರಡದೆ ಮಾಳಿಗೆಯ ಮೇಲೆ, ನೆಲದಿಂದ ಎತ್ತರದಲ್ಲಿ ಸ್ವಚ್ಛ ಬಟ್ಟೆ ಹಾಸಿ ಹರಡಿ ಮೇಲೆ ತೆಳುವಾದ ಬಿಳಿ ಬಟ್ಟೆ ಹೊದಿಸಬೇಕು. ಸಂಜೆ ಒಳಗೆ ತರಬೇಕು.

ಒಣಗಿದ ಹೋಳನ್ನು ಹಾಗೆಯೇ ಗಾಳಿಯಾಡದ ಡಬ್ಬಿಯಲ್ಲಿಟ್ಟು ಬೇಕಾದಾಗ ಬೀಸಿಕೊಳ್ಳುವುದು ಉತ್ತಮ. ಗಿರಣಿಯಲ್ಲಿ ಖಾರ ಕುಟ್ಟಿದ ಮೇಲೆ ಇದನ್ನು ಹಾಕಿಸಿದರೆ ಏನಾಗುವುದೆಂದು ಹೇಳಬೇಕಾಗಿಲ್ಲ.

ಲೆಕ್ಕ

ದಿಂಡು ಬಿಟ್ಟು 100 ಕಿಲೋ ಕಾಯಿ ತೆಗೆದುಕೊಂಡರೆ ಸಿಪ್ಪೆಯಾಗಿ 35ರಿಂದ 40 ಕಿಲೋ ಹೋಗುತ್ತದೆ. ಉಳಿಯುವ 60-65 ಕಿಲೋ ತಿರುಳಿನಲ್ಲಿ ನೂರಕ್ಕೆ ಸುಮಾರು 70 ಪಾಲು ನೀರು. ಹೀಗಾಗಿ ಕೈಗೆ ಬರುವ ಹಿಟ್ಟು ಸುಮಾರು 20 ಕಿಲೋ. ಅಂದರೆ ಐದು ಕಿಲೋ ಕಾಯಿಗೆ ಒಂದು ಕಿಲೋ ಹಿಟ್ಟು. ಕಾಯಿಯ ಬೆಲೆ ಕಿಲೋಗೆ 4 ರೂಪಾಯಿಗೆ ಇಳಿದಾಗ ಒಂದು ಕಿಲೋ ಹಿಟ್ಟಿಗೆ ಕಾಯಿಯ ಖರ್ಚು 20 ರೂಪಾಯಿ. ಅದೇ ಕಾಯಿ 15 ರೂಪಾಯಿಗೆ ಹೋಗುವಾಗ ಖರ್ಚು 75 ರೂಪಾಯಿ. ಇದರ ಮೇಲೆ ಸುಲಿಯುವ, ಕೊಯ್ಯುವ, ಒಣಗಿಸುವ ಕೂಲಿ, ಗಿರಣಿಯ ಖರ್ಚು, ಚೀಲದ ಖರ್ಚು. ಕೂಲಿಯೇ ಇಲ್ಲಿ ದೊಡ್ಡದು. ಮನೆಯವರ ದುಡಿತವನ್ನು ಸೊನ್ನೆಯೆಂದು ಬರೆದು ಲಾಭ ತೋರಿಸುವ ಲೆಕ್ಕವನ್ನು ನಂಬಬಾರದು.

ಆದ್ದರಿಂದ ಒಳ್ಳೆಯ ಬೆಲೆ ಇದ್ದಾಗ ಗೊನೆಯನ್ನು ಗೊನೆಯಾಗಿಯೇ ಮಾರುವುದು ಲೇಸು. ಬೆಲೆ ಬಿದ್ದಾಗ, ಗಿಡ ಬಿದ್ದಾಗ, ವ್ಯಾಪಾರಿ ಬಿಟ್ಟುಹೋದ ಸಣ್ಣ ಕಾಯಿ ಉಳಿದಾಗ ಹಿಟ್ಟಿನ ದಾರಿ ಹಿಡಿಯಬೇಕು. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿಯೂ ಪೇಟೆಗೆ ಹೋಗದೆ ಉಳಿದ ಕಾಯಿಯನ್ನು ಏನು ಮಾಡುವುದೆಂಬ ಚಿಂತೆಯಿಂದಲೇ ಬಾಳೆಹಿಟ್ಟಿನ ಉದ್ಯಮ ಹುಟ್ಟಿತು.

ಒಂದು ಎಕರೆಯ ಕಾಯಿಯನ್ನೆಲ್ಲ ಮೊದಲ ವರ್ಷವೇ ಹಿಟ್ಟು ಮಾಡಲು ಹೋಗುವುದು ಜಾಣತನವಲ್ಲ. ಮೊದಲು ಒಂದು ಗೊನೆ. ಮನೆಯವರು ತಿಂದು ಒಪ್ಪಿದ ಮೇಲೆ ನೆರೆಯವರಿಗೆ, ಆಮೇಲೆ ಸಂತೆಗೆ. ಮಾರಾಟಕ್ಕೆ ಇಳಿಯುವ ಮೊದಲು ಆಹಾರ ಸುರಕ್ಷತಾ ಕಾಯಿದೆಯಂತೆ ನೋಂದಣಿ ಮಾಡಿಸಿ, ತೂಕ, ತಯಾರಿಸಿದ ದಿನಾಂಕ, ನೋಂದಣಿ ಸಂಖ್ಯೆಗಳನ್ನು ಚೀಟಿಯಲ್ಲಿ ಮುದ್ರಿಸಬೇಕು. ಮಹಿಳಾ ಸ್ವಸಹಾಯ ಸಂಘಗಳಿಗೆ ಇದು ಹೇಳಿ ಮಾಡಿಸಿದ ಕೆಲಸ.

ಅಡುಗೆಯಲ್ಲಿ

ಬಾಳೆಕಾಯಿ ಹಿಟ್ಟಿನಲ್ಲಿ ಗೋದಿಯಲ್ಲಿರುವ ಅಂಟುಗುಣ ಇಲ್ಲ. ಬರೀ ಇದರಿಂದ ಚಪಾತಿ ಲಟ್ಟಿಸಲು ಹೋದರೆ ಹರಿಯುತ್ತದೆ. ಮೂರು ಪಾಲು ಗೋದಿಹಿಟ್ಟಿಗೆ ಒಂದು ಪಾಲು ಸೇರಿಸಿ ನೋಡಬಹುದು. ಜೋಳದ ರೊಟ್ಟಿ ಬಡಿಯುವ ಕೈಗೆ ಅಂಟಿಲ್ಲದ ಹಿಟ್ಟಿನ ಹದ ಹೊಸದಲ್ಲ. ಬಿಸಿನೀರು ಹಾಕಿ ನಾದುವ ಕ್ರಮವನ್ನೇ ಇಲ್ಲಿಯೂ ಅನುಸರಿಸಬೇಕು. ಜಾಮೂನಿಗೆ ಸಕ್ಕರೆಯ ಪಾಕವೇ ಏಕೆ, ಬೆಲ್ಲದ ನಾಡಿನವರು ಬೆಲ್ಲದ ಪಾಕದಲ್ಲಿ ಹಾಕಿ ನೋಡಲಿ.

ಬೇಗ ಜೀರ್ಣವಾಗದ ಒಂದು ಬಗೆಯ ಪಿಷ್ಟ ಹಸಿ ಬಾಳೆಕಾಯಿಯಲ್ಲಿ ಹೆಚ್ಚಾಗಿದೆಯೆಂಬುದು ನಿಜ. ಆದರೆ ನೀರು ಹಾಕಿ ಬೇಯಿಸಿದಾಗ ಅದರ ಬಹುಭಾಗ ಸಾಮಾನ್ಯ ಪಿಷ್ಟದಂತೆಯೇ ಆಗುತ್ತದೆ. ಆದ್ದರಿಂದ ಇದನ್ನು ತಿಂದರೆ ಸಕ್ಕರೆ ಕಾಯಿಲೆ ಗುಣವಾಗುತ್ತದೆಂದು ಮೊಬೈಲಿನಲ್ಲಿ ಓಡಾಡುವ ಮಾತನ್ನು ಚೀಟಿಯ ಮೇಲೆ ಅಚ್ಚು ಹಾಕಿಸಬಾರದು. ಅದು ಸುಳ್ಳು ಮಾತ್ರವಲ್ಲ, ಔಷಧಿ ಬಿಟ್ಟವರ ಜೀವಕ್ಕೂ ಅಪಾಯ.

ಹಂಚಿಕೊಳ್ಳುವ ಬಗೆ

ಇಂದು ಊರಿನ ಪ್ರತಿ ರೈತನ ಜೇಬಿನಲ್ಲಿಯೂ ದಿನಕ್ಕೆ ಹತ್ತು ಹೊಸ ವಿಷಯಗಳು ಬಂದು ಬೀಳುತ್ತವೆ. ಅವುಗಳಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಎಂದು ತೂರುವ ಕೆಲಸವನ್ನು ಗ್ರಾಮ ಮಟ್ಟದ ಕಾರ್ಯಕರ್ತರು ಮೊದಲು ಕಲಿಯಬೇಕು. ಮಾಡಿದವರು ಯಾರು, ಯಾವ ಊರು, ಯಾವ ತಳಿ, ಎಷ್ಟು ಕಿಲೋಗೆ ಎಷ್ಟು ಬಂತು, ಯಾವ ತಿಂಗಳಲ್ಲಿ ಮಾಡಿದರು ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲದ ಸುದ್ದಿಯನ್ನು ಮುಂದೆ ದಾಟಿಸಬಾರದು. ಬಾಕಾಹು ಹರಡಿದ್ದು ಅದನ್ನು ಹೊಗಳಿದ್ದರಿಂದಲ್ಲ. ಮಾಡಿದವರು ಸಿಗುತ್ತಿದ್ದರು, ಕೇಳಿದರೆ ಉತ್ತರಿಸುತ್ತಿದ್ದರು.

ಹಾಗೆಯೇ ಕೆಟ್ಟದ್ದನ್ನೂ ಹೇಳಬೇಕು. ಕಪ್ಪಾದ ಹೋಳಿನ ಫೋಟೋವನ್ನು ಯಾರೂ ಕಳುಹಿಸುವುದಿಲ್ಲ. ಆದರೆ ಮುಂದಿನವರಿಗೆ ಹೆಚ್ಚು ಉಪಯೋಗವಾಗುವುದು ಅದೇ. ಅನಗವಾಡಿಯಂಥ ಊರಿನಲ್ಲಿ ನಾಲ್ಕು ಮನೆಯವರು ಒಂದೇ ವಾರ ಒಂದೊಂದು ಗೊನೆಯಿಂದ ಹಿಟ್ಟು ಮಾಡಿ, ಒಬ್ಬರು ಉಪ್ಪುನೀರು, ಒಬ್ಬರು ಗಂಜಿ, ಒಬ್ಬರು ಮಜ್ಜಿಗೆ ಉಪಯೋಗಿಸಿ, ನಾಲ್ಕನೆಯವರು ಏನೂ ಹಾಕದೆ, ಬಂದ ಹಿಟ್ಟಿನ ತೂಕವನ್ನೂ ಬಣ್ಣವನ್ನೂ ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟರೆ ಒಂದು ಚಿಕ್ಕ ಪ್ರಯೋಗವೇ ಆಯಿತು. ಆ ಪುಸ್ತಕವನ್ನು ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಒಯ್ದು ತೋರಿಸಿದರೆ, ತೇವಾಂಶ ಎಷ್ಟಿರಬೇಕು, ಎಷ್ಟು ದಿನ ಇಡಬಹುದು ಎಂಬ ಮುಂದಿನ ಪ್ರಶ್ನೆಗಳನ್ನು ತಜ್ಞರೊಡನೆ ಚರ್ಚಿಸಬಹುದು. 2008ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾಲಯ ಇರುವುದು ಇದೇ ಜಿಲ್ಲೆಯಲ್ಲಿ.

ಇನ್ನು ಉಳಿದದ್ದು ಸಿಪ್ಪೆ. ನೂರು ಕಿಲೋ ಕಾಯಿಗೆ ಮೂವತ್ತೈದು ಕಿಲೋಗಿಂತ ಹೆಚ್ಚು ಬರುವ ಇದನ್ನು ತಿಪ್ಪೆಗೆ ಎಸೆಯುವ ಮೊದಲು, ಸ್ವಲ್ಪ ಬಾಡಿಸಿ ಸಣ್ಣಗೆ ಕೊಚ್ಚಿ ದನಗಳಿಗೆ ಮೇವಿನೊಡನೆ ಕೊಂಚಕೊಂಚವಾಗಿ ಹಾಕಬಹುದು. ಅವು ತಿನ್ನದೆ ಬಿಟ್ಟದ್ದು ಎರೆಗೊಬ್ಬರದ ಗುಂಡಿಗೆ.