ಮಗುವಿನ ಲೆಕ್ಕ ತಪ್ಪಾದಾಗ



ಎರಡನೇ ತರಗತಿಯ ನಿಮ್ಮ ಮಗು 32ರಲ್ಲಿ 15 ಕಳೆದು 23 ಎಂದು ಬರೆದರೆ ಏನು ಮಾಡುತ್ತೀರಿ? ಕೆಲವರು ಗದರುತ್ತಾರೆ. ಕೆಲವರು ಅದನ್ನು ಅಳಿಸಿ ತಾವೇ ಉತ್ತರ ಬರೆಸುತ್ತಾರೆ. ಆಗ ಮಗುವಿಗೆ ಎಲ್ಲಿ ತೊಡಕಾಗಿದೆ ಎಂಬುದು ಶಿಕ್ಷಕಿಗೂ ತಿಳಿಯುವುದಿಲ್ಲ.

ಮೊದಲು, ‘ಹೇಗೆ ಮಾಡಿದೆ, ಹೇಳು’ ಎಂದು ಕೇಳಿ. ಎರಡರಲ್ಲಿ ಐದು ಹೋಗದ ಕಾರಣ ಮಗು ಐದರಲ್ಲೇ ಎರಡನ್ನು ಕಳೆದಿರುತ್ತದೆ. ಇದು ದಡ್ಡತನವಲ್ಲ. ‘ದಶಕ’ ಎಂದರೇನೆಂದು ಅದು ಇನ್ನೂ ಕಣ್ಣಾರೆ ಕಂಡಿಲ್ಲ, ಅಷ್ಟೇ.

ತೆಂಗಿನ ಕಡ್ಡಿಗಳನ್ನು ತನ್ನಿ. ಹತ್ತು ಹತ್ತರ ಮೂರು ಕಟ್ಟು ಕಟ್ಟಿ, ಎರಡನ್ನು ಬಿಡಿಯಾಗಿಡಿ. ‘ಹದಿನೈದು ತೆಗೆ’ ಎನ್ನಿ. ಬಿಡಿ ಕಡ್ಡಿ ಸಾಲದಾದಾಗ ಮಗುವೇ ಒಂದು ಕಟ್ಟು ಬಿಚ್ಚಲಿ. ಹನ್ನೆರಡರಲ್ಲಿ ಐದು ಹೋದರೆ ಏಳು. ಎರಡು ಕಟ್ಟಿನಲ್ಲಿ ಒಂದು ಹೋದರೆ ಒಂದು. ಉತ್ತರ 17.

ಶಾಲೆಯ ಮೆಟ್ಟಿಲು ಹತ್ತದ ತಾಯಿಯೂ ನೆರವಾಗಬಲ್ಲಳು. ‘ಇವತ್ತಿನ ಪಾಠ ನನಗೆ ಹೇಳಿಕೊಡು’ ಎಂದರಾಯಿತು. ಹೇಳಿಕೊಡುತ್ತಲೇ ಮಗು ಕಲಿಯುತ್ತದೆ.

ಒಂದು, ಎರಡನೇ ತರಗತಿಗೆ ಹೋಂವರ್ಕ್ ಬೇಡವೆಂದು ಕೇಂದ್ರ ಸರಕಾರ 2018ರಲ್ಲೇ ಸೂಚಿಸಿದೆ. ಆದ್ದರಿಂದ ಟಿ.ವಿ., ಮೊಬೈಲ್ ಬದಿಗಿಟ್ಟು ಸ್ವಲ್ಪ ಹೊತ್ತು ಪಕ್ಕದಲ್ಲಿ ಕುಳಿತರೆ ಸಾಕು. ನಿದ್ದೆ ಬಂದರೆ ಪುಸ್ತಕ ಮುಚ್ಚಿಬಿಡಿ. ಉಳಿದ ಲೆಕ್ಕ ನಾಳೆಯೂ ಕಲಿಯಬಹುದು. ಪುಸ್ತಕ ಕಂಡರೆ ಹುಟ್ಟುವ ಹೆದರಿಕೆ ಬೇಗ ಹೋಗುವುದಿಲ್ಲ.