ಬಾಬೆಲಿನಲ್ಲಿ ಕಲಿತ ದಾನಿಯೇಲ

ಓದುವ ಭಾಗ: ದಾನಿಯೇಲ 1:3-20, ಪ್ರಸಂಗಿ 10:10

ಇವತ್ತು ನಾವು ಕೆಲಸದ ಬಗ್ಗೆ ಧ್ಯಾನಿಸೋಣ. ಈಗ ನಮ್ಮ ಪ್ರಾರ್ಥನಾ ಚೀಟಿಗಳಲ್ಲಿ ಹೆಚ್ಚಾಗಿ ಬರುವುದು ಇದೇ ವಿಷಯ. "ಕಂಪನಿಯಲ್ಲಿ ಜನ ಕಡಿಮೆ ಮಾಡ್ತಿದ್ದಾರೆ", "ಹೊಸ ಸಾಫ್ಟ್‌ವೇರ್ ಬಂದಿದೆ, ನನಗೆ ಅರ್ಥವಾಗ್ತಿಲ್ಲ", "ಹೊಸ ಮ್ಯಾನೇಜರ್ ಜೊತೆ ಹೊಂದಿಕೆ ಆಗ್ತಿಲ್ಲ."

ಮೊದಲು ನನ್ನದೊಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು. ಆ ಸಹೋದರರ ಅನುಮತಿ ಪಡೆದೇ ಹೇಳ್ತಿದ್ದೇನೆ. ಅವರು ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ 20 ವರ್ಷ ಲೇತ್ ಮೇಲೆ ಕೆಲಸ ಮಾಡಿದ ಟರ್ನರ್. ಅಲ್ಲಿಗೆ ಸಿಎನ್‌ಸಿ ಮೆಷಿನ್ ಬಂತು. ಕೈಯಿಂದ ಚಕ್ರ ತಿರುಗಿಸೋದು ಹೋಗಿ, ಪ್ರೋಗ್ರಾಂ ಹಾಕಿ ನಡೆಸೋದು ಬಂತು. ಮಾಲೀಕರು ಎರಡು ತಿಂಗಳು ಸಂಜೆ ತರಬೇತಿ ಕೊಡಿಸ್ತೇವೆ ಅಂದರು. ಸಂಜೆ ಅಂದರೆ ನಮ್ಮ ಬುಧವಾರದ ಕೂಟವೂ ಶುಕ್ರವಾರದ ಉಪವಾಸ ಪ್ರಾರ್ಥನೆಯೂ ತಪ್ಪುತ್ತಿತ್ತು. ಅವರು ನನ್ನ ಹತ್ತಿರ ಬಂದು ಕೇಳಿದರು. ನಾನು, "ಕೂಟ ಬಿಡಬೇಡಿ ಬ್ರದರ್, ಕರ್ತನು ನೋಡ್ಕೊಳ್ತಾನೆ" ಅಂದೆ. ಒಂದು ವರ್ಷದಲ್ಲಿ ಹಳೇ ಲೇತ್‌ಗಳನ್ನು ಮಾರಿದರು. ಇವರು ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ನಿಂತರು. ಆಗ ಅವರ ಪತ್ನಿ ನನ್ನನ್ನು ಕೇಳಿದರು: "ಪಾಸ್ಟರ್, ಆ ಕ್ಲಾಸನ್ನೇ ದೇವರು ಕೊಟ್ಟಿದ್ದರೆ?"

ನನ್ನಲ್ಲಿ ಉತ್ತರ ಇರಲಿಲ್ಲ. ಆ ರಾತ್ರಿ ದಾನಿಯೇಲನ ಪುಸ್ತಕ ತೆರೆದೆ.

1. ದೇವರು ಕೊಟ್ಟನು, ದಾನಿಯೇಲನು ಕಲಿತನು

ಮೊದಲ ಅಧ್ಯಾಯ 5ನೇ ವಚನ ನೋಡಿರಿ. ಮೂರು ವರ್ಷದ ಶಿಕ್ಷಣ. 4ನೇ ವಚನದಲ್ಲಿ ಕಸ್ದೀಯರ ಭಾಷೆ, ಅವರ ಶಾಸ್ತ್ರಗಳು. ಆ ಭಾಷೆ, ಆ ಶಾಲೆ ದಾನಿಯೇಲನು ಆರಿಸಿಕೊಂಡದ್ದಲ್ಲ, ಸೆರೆಯವನಾಗಿ ಬಂದವನು. ಆದರೂ ಕೂತು ಕಲಿತನು. 17ನೇ ವಚನ, ಆ ಜ್ಞಾನವನ್ನು ಕೊಟ್ಟವನು ದೇವರೇ ಎಂದು ತಿಳಿಸುತ್ತದೆ. ಗಮನಿಸಿರಿ, ಎರಡೂ ಒಂದೇ ಅಧ್ಯಾಯದಲ್ಲಿವೆ. ದೇವರು ಕೊಟ್ಟದ್ದು ಮೂರು ವರ್ಷದ ಓದಿನ ಬದಲಿಗೆ ಅಲ್ಲ, ಆ ಓದಿನ ಒಳಗೇ ಕೊಟ್ಟನು.

ಪ್ರಸಂಗಿ 10:10 ಇದನ್ನೇ ಕೊಡಲಿಯ ಮಾತಿನಲ್ಲಿ ಕಲಿಸುತ್ತದೆ. ಮೊಂಡಾದ ಕೊಡಲಿಯನ್ನು ಮಸೆಯದವನು ಹೆಚ್ಚು ಬಲ ಹಾಕಬೇಕಾಗುತ್ತದೆ. ನಮ್ಮಲ್ಲಿ ಅನೇಕರು ಓವರ್‌ಟೈಮ್ ಮಾಡಿ ಮಾಡಿ ಬಲ ಹಾಕ್ತಿದ್ದೇವೆ, ಮಸೆಯೋಕೆ ಮಾತ್ರ ಸಮಯ ಇಲ್ಲ ಅಂತೀವಿ.

ಕಲಿಯುವುದು ಲೋಕದ ಕಾರ್ಯ ಅನ್ನಬೇಡಿ. ನಮ್ಮ ಮಂಗಳೂರಿನಲ್ಲೇ ನೋಡಿರಿ. ವಿಶ್ವಾಸಕ್ಕೆ ಬಂದ ಕಾರಣ ಅನೇಕರು ಮನೆಯನ್ನೂ ಜೀವನೋಪಾಯವನ್ನೂ ಕಳೆದುಕೊಂಡರು. ಬಾಸೆಲ್ ಮಿಶನ್‌ನವರು ಅವರಿಗೆ ಪ್ರಾರ್ಥನೆಯ ಜೊತೆಗೆ ಕಸುಬನ್ನೂ ಕಲಿಸಿದರು. 1841ರಲ್ಲಿ ಮುದ್ರಣಾಲಯ, ಆಮೇಲೆ ನೇಯ್ಗೆ, 1865ರಲ್ಲಿ ಹಂಚಿನ ಕಾರ್ಖಾನೆ. ಮಂಗಳೂರು ಹಂಚು ಊರೂರಿಗೆ ಹೋಯಿತು, ಅವರ ಮನೆಗಳಿಗೆ ಅನ್ನ ಬಂತು.

2. ದಾನಿಯೇಲನಿಗೆ ಮಾತಾಡುವ ರೀತಿ ಗೊತ್ತಿತ್ತು

ರಾಜನ ಊಟದಿಂದ ತನ್ನನ್ನು ಅಶುದ್ಧ ಮಾಡಿಕೊಳ್ಳಬಾರದು ಎಂದು ದಾನಿಯೇಲನು ನಿಶ್ಚಯ ಮಾಡಿಕೊಂಡನು. ನಿಶ್ಚಯ ಗಟ್ಟಿ, ಮಾತು ಮೃದು. ತಟ್ಟೆ ತಳ್ಳಲಿಲ್ಲ, ಕೂಗಾಡಲಿಲ್ಲ. ಕೇಳಿಕೊಂಡನು. ಆ ಅಧಿಕಾರಿಗೆ ತನ್ನ ತಲೆಯ ಭಯ ಇತ್ತು. ಹುಡುಗರು ಸೊರಗಿದರೆ ರಾಜನಿಗೆ ಉತ್ತರ ಕೊಡಬೇಕಾದವನು ಅವನು. ದಾನಿಯೇಲನು ಆ ಭಯವನ್ನು ಅರ್ಥಮಾಡಿಕೊಂಡು ಮೇಲ್ವಿಚಾರಕನಿಗೆ ಒಂದು ದಾರಿ ತೋರಿಸಿದನು: 10 ದಿನ ಕಾಯಿಪಲ್ಯ ಮತ್ತು ನೀರು ಕೊಟ್ಟು ನೋಡಿ, ಆಮೇಲೆ ನಿಮಗೆ ಸರಿ ಕಂಡ ಹಾಗೆ ಮಾಡಿ.

ಈಗ ಕಂಪನಿಗಳಲ್ಲಿ ಸಾಫ್ಟ್ ಸ್ಕಿಲ್ಸ್ ಅಂತಾರಲ್ಲ, ಅದು ಇದೇ. ಭಾನುವಾರ ಶಿಫ್ಟ್ ಹಾಕಿದರೆ ನಾವು ಏನ್ಮಾಡ್ತೀವಿ? "ನಾನು ವಿಶ್ವಾಸಿ, ಬರಲ್ಲ" ಅಂದು ಬಾಗಿಲು ಬಡಿದು ಬರ್ತೀವಿ, ಆಮೇಲೆ ಹಿಂಸೆ ಆಗ್ತಿದೆ ಅಂತ ಸಾಕ್ಷಿ ಹೇಳ್ತೀವಿ! ಹೀಗೆ ಹೇಳಿ ನೋಡಿ: "ಸರ್, ಲೈನ್ ನಿಲ್ಲಬಾರದು ಅಂತ ನನಗೂ ಗೊತ್ತು. ಒಂದು ತಿಂಗಳು ಶನಿವಾರದ ಸೆಕೆಂಡ್ ಶಿಫ್ಟ್ ನಾನೇ ಮಾಡ್ತೀನಿ, ಭಾನುವಾರ ಬೆಳಿಗ್ಗೆ ಬಿಡಿ. ತೊಂದರೆ ಆದರೆ ಮತ್ತೆ ಮಾತಾಡೋಣ." ಅವರು ಒಪ್ಪದೇ ಇರಬಹುದು. ಆದರೆ ಮರುದಿನ ಅವರ ಮುಂದೆ ನಿಂತು ಮತ್ತೆ ಮಾತಾಡೋಕೆ ನಿಮಗೆ ಮುಖ ಇರುತ್ತದೆ.

2ನೇ ಅಧ್ಯಾಯದಲ್ಲಿ ಕೊಲ್ಲಲು ಬಂದ ಅರ್ಯೋಕನ ಹತ್ತಿರವೂ ದಾನಿಯೇಲನು ಜಾಣ್ಮೆಯಿಂದಲೇ ಮಾತಾಡಿದನು. ಮೊದಲು ವಿಷಯ ಏನೆಂದು ಕೇಳಿದನು. ಆಮೇಲೆ ರಾಜನ ಹತ್ತಿರ ಸಮಯ ಕೇಳಿದನು. ಆಮೇಲೆ ಸ್ನೇಹಿತರ ಜೊತೆ ಪ್ರಾರ್ಥಿಸಿದನು. ಕೋಪದ ಇಮೇಲ್ ಬಂದ ಐದೇ ನಿಮಿಷಕ್ಕೆ ಉತ್ತರ ಬರೆಯುವ ಯೌವನಸ್ಥರೇ, ಈ ಕ್ರಮವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

3. ರಾಜ್ಯ ಬದಲಾಯಿತು, ದಾನಿಯೇಲನು ಕಲಿಯುವುದನ್ನು ಬಿಡಲಿಲ್ಲ

ದಾನಿಯೇಲನು ಕ್ರಿ.ಪೂ. 605ರ ಹೊತ್ತಿಗೆ ಸೆರೆಗೆ ಹೋದನು. ಬಾಬೆಲ್ ಬಿದ್ದದ್ದು ಕ್ರಿ.ಪೂ. 539ರಲ್ಲಿ. 65 ವರ್ಷಕ್ಕೂ ಹೆಚ್ಚು! ನೆಬೂಕದ್ನೆಚ್ಚರನು ಹೋದ, ಬೇಲ್ಶಚ್ಚರನು ಹೋದ, ಮೇದ್ಯ ಪಾರಸಿಯರು ಬಂದರು. ಕಾನೂನು ಬೇರೆ, ಮೇಲಧಿಕಾರಿ ಬೇರೆ. ಆದರೂ 6ನೇ ಅಧ್ಯಾಯದಲ್ಲಿ ವೈರಿಗಳು ಅವನ ಕೆಲಸದಲ್ಲಿ ಒಂದೇ ಒಂದು ತಪ್ಪು ಹುಡುಕಲಾಗದೆ ಸೋತರು. 9ನೇ ಅಧ್ಯಾಯ 2ನೇ ವಚನದಲ್ಲಿ ಆ ಮುದುಕನು ಏನು ಮಾಡ್ತಿದ್ದಾನೆ? ಗ್ರಂಥಗಳನ್ನು ಓದ್ತಾ ಇದ್ದಾನೆ. ಹಲ್ಲೆಲೂಯ! ಜೊತೆಗೆ ದಿನಕ್ಕೆ ಮೂರು ಸಲ ಮೊಣಕಾಲೂರುವುದನ್ನೂ ಬಿಟ್ಟಿರಲಿಲ್ಲ. ಸಿಂಹಗಳ ಗವಿಗೆ ಹಾಕಿಸಿಕೊಂಡದ್ದು ಆ ಪ್ರಾರ್ಥನೆಗಾಗಿಯೇ. ಹಾಗಾದರೆ ಕಲಿಯೋದಕ್ಕೋಸ್ಕರ ಪ್ರಾರ್ಥನೆ ಬಿಡಿ ಅಂತ ನಾನು ಹೇಳ್ತಿಲ್ಲ. ಪ್ರಾರ್ಥನೆಯನ್ನು ಕಲಿಯದೇ ಇರೋದಕ್ಕೆ ನೆಪ ಮಾಡಬೇಡಿ ಅಂತಿದ್ದೇನೆ.

ಆ ಸಹೋದರರ ವಿಷಯ ಕೇಳ್ತೀರಿ ಅಲ್ವಾ? ನಾನು ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಆಮೇಲೆ ಅವರು ಜಿಟಿಟಿಸಿಯಲ್ಲಿ ಒಂದು ಸಣ್ಣ ಅವಧಿಯ ಸಿಎನ್‌ಸಿ ಕೋರ್ಸಿಗೆ ಸೇರಿದರು, ಹಗಲು ಕ್ಲಾಸು, ರಾತ್ರಿ ಗೇಟಿನ ಕೆಲಸ. ಅವರು ನನಗೆ ಹೇಳಿದ್ದು: "ಪಾಸ್ಟರ್, ಮೆಷಿನ್ ಕಷ್ಟ ಆಗಲಿಲ್ಲ. ಮಗನ ವಯಸ್ಸಿನ ಹುಡುಗನ ಮುಂದೆ 'ನನಗೆ ಗೊತ್ತಿಲ್ಲ, ಹೇಳ್ಕೊಡಪ್ಪ' ಅನ್ನೋದೇ ಕಷ್ಟ ಆಯ್ತು." ಹುಡುಗನಿಗೆ ಪ್ರೋಗ್ರಾಂ ಗೊತ್ತಿತ್ತು. ಇವರಿಗೆ ಲೋಹ ಕೊರೆಯುವ ಸದ್ದಿನಲ್ಲೇ ಟೂಲ್ ಸವೆದಿದೆ ಅನ್ನೋದು ಗೊತ್ತಾಗ್ತಿತ್ತು. ಒಬ್ಬರಿಗೊಬ್ಬರು ಕಲಿಸಿಕೊಂಡರು. ಈಗ ಅವರು ಮತ್ತೆ ಒಂದು ವರ್ಕ್‌ಶಾಪಿನಲ್ಲಿದ್ದಾರೆ. ಸಂಬಳ ಇನ್ನೂ ಮೊದಲಿನಷ್ಟಿಲ್ಲ. ಪ್ರಾರ್ಥಿಸುತ್ತಾ ಇರಿ.

ಈ ವಾರ ಮೂರು ಕೆಲಸ ಮಾಡಿರಿ. ನಿಮ್ಮ ಕೆಲಸದಲ್ಲಿ ಮೊಂಡಾಗಿರುವುದು ಏನೆಂದು ಒಂದು ಚೀಟಿಯಲ್ಲಿ ಬರೆಯಿರಿ: ಕಂಪ್ಯೂಟರಾ, ಇಂಗ್ಲಿಷಾ, ಕೋಪವಾ? ಅದನ್ನು ಬಲ್ಲ ಒಬ್ಬರ ಹತ್ತಿರ, ಅವರು ಚಿಕ್ಕವರಾದರೂ, ಹೋಗಿ ಕೇಳಿರಿ. ದಿನಕ್ಕೆ ಅರ್ಧ ಗಂಟೆ ಅದಕ್ಕೆ ಎತ್ತಿಡಿರಿ. ಸಂಜೆ ಕ್ಲಾಸ್ ಇರುವವರು ನನಗೆ ಹೇಳಿರಿ. ಕೂಟ ತಪ್ಪಿಸಿದಿರಿ ಅಂತ ಇನ್ನು ಮೇಲೆ ಯಾರೂ ಗದರಿಸುವುದಿಲ್ಲ, ಕೂಟದಲ್ಲಿ ನಿಮ್ಮ ಹೆಸರು ಹೇಳಿ ಪ್ರಾರ್ಥಿಸುತ್ತೇವೆ.

ಪ್ರಾರ್ಥನೆ: ಪರಲೋಕದ ತಂದೆಯೇ, ನೀನು ತೆರೆದ ಬಾಗಿಲನ್ನು ಗುರುತಿಸದೆ ಹೋದದ್ದಕ್ಕಾಗಿ ಕ್ಷಮಿಸು. ಕೆಲಸದ ಭಯದಲ್ಲಿರುವ ನಿನ್ನ ಮಕ್ಕಳಿಗೆ ಕಲಿಯುವ ದೀನತೆಯನ್ನೂ ಮೃದುವಾದ ನಾಲಿಗೆಯನ್ನೂ ದಯಪಾಲಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.